ಬಾಗಿಲ ಪಕ್ಕದ ಕುರ್ಚಿ

ಗ್ರಂಥಾಲಯದಲ್ಲಿ ನಾನು ಕೂರುವುದು ಬಾಗಿಲ ಪಕ್ಕದ ಕುರ್ಚಿಯಲ್ಲಿ. ಗಾಳಿ ಬರುತ್ತದೆಂದು ಗೆಳತಿಯರಿಗೆ ಹೇಳಿದ್ದೆ. ನಿಜವೆಂದರೆ ಅಲ್ಲಿಂದ ಶೌಚಾಲಯ ಹತ್ತಿರ. ಅರ್ಧ ಗಂಟೆಗೊಮ್ಮೆ, ಹೇಳದೆ ಕೇಳದೆ, ಒಂದಕ್ಕೆ ಅವಸರವಾಗುತ್ತಿತ್ತು. ತಡೆದರೆ ಎಲ್ಲಿ ಬಟ್ಟೆ ಒದ್ದೆಯಾಗುತ್ತದೋ ಎಂಬ ಭಯ. ಶಾಸನ ನೋಡಲು ಹಳ್ಳಿಗಳಿಗೆ ಹೊರಟ ದಿನ ಬೆಳಗಿನಿಂದ ನೀರೇ ಕುಡಿಯುತ್ತಿರಲಿಲ್ಲ. ಬಸ್ಸಿನ ಹೆದರಿಕೆಗೇ ಎರಡು ಊರುಗಳನ್ನು ಕೈಬಿಟ್ಟೆ. ಗೈಡ್ ಮೇಡಂ ಅದನ್ನು ಸೋಮಾರಿತನ ಅಂದುಕೊಂಡರು. ನಾನೂ ತಿದ್ದಲಿಲ್ಲ.

ಪರೀಕ್ಷೆ ಮಾಡಿಸಿದಾಗ ಸೋಂಕು ಇರಲಿಲ್ಲ, ಸಕ್ಕರೆ ಕಾಯಿಲೆಯೂ ಇರಲಿಲ್ಲ. ‘ಓವರ್‌ಆಕ್ಟಿವ್ ಬ್ಲಾಡರ್’ ಅಂದರು ಡಾಕ್ಟರು. ಮೂತ್ರಕೋಶ ಸುಮಾರು 400 ಮಿಲಿಲೀಟರ್ ಹಿಡಿಯಬಲ್ಲದು. ತುಂಬುವಾಗ ಅದರ ಗೋಡೆಯ ಸ್ನಾಯು ಸಡಿಲವಾಗಿರಬೇಕು. ನನ್ನದು ಅರ್ಧ ತುಂಬುವ ಮೊದಲೇ ಹಿಂಡತೊಡಗುತ್ತದೆ. ನೀರು ಬಿಟ್ಟದ್ದೂ ತಪ್ಪೇ. ಮೂತ್ರ ಗಾಢವಾದರೆ ಕೋಶ ಇನ್ನಷ್ಟು ಕೆರಳಬಹುದಂತೆ. ಕಾಫಿ, ಚಹಾದಿಂದಲೂ ಹಾಗೆಯೇ.

ಈಗ ದಿನವಿಡೀ ಸ್ವಲ್ಪಸ್ವಲ್ಪ ನೀರು ಕುಡಿಯುತ್ತೇನೆ. ಅವಸರವಾದಾಗ ಎದ್ದು ಓಡದೆ, ಮೂತ್ರ ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು, ಅದು ತಗ್ಗುವವರೆಗೆ ಕಾಯುತ್ತೇನೆ. ಮೊದಲ ವಾರ 5 ನಿಮಿಷ, ಆಮೇಲೆ 10. ಎರಡು ತಿಂಗಳಾದ ಮೇಲೆ ಎರಡು ಗಂಟೆ ಕೂರಬಲ್ಲೆ. ಕೆಲವು ದಿನ ಅದೂ ಆಗುವುದಿಲ್ಲ.

ಕಳೆದ ವಾರ ಮೇಡಂಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಸೆಮಿನಾರುಗಳಲ್ಲಿ ನಾನೂ ಬಾಗಿಲ ಹತ್ತಿರವೇ ಕೂರೋದು, ನೋಡಿಲ್ವೇನೇ?” ಅಂದರು. ನೋಡಿದ್ದೆ. ಬೇಗ ಹೊರಡಲಿಕ್ಕೆ ಅಂದುಕೊಂಡಿದ್ದೆ.

ಸೋಮವಾರ, ಕೈಬಿಟ್ಟಿದ್ದ ಆ ಊರುಗಳಿಗೆ ಹೊರಟಿದ್ದೇನೆ. ಚೀಲದಲ್ಲಿ ನೀರಿನ ಬಾಟಲಿ ಇರುತ್ತದೆ. ಬೇಕಾದರೆ ಬಸ್ಸು ನಿಲ್ಲಿಸಿ ಎಂದು ಕಂಡಕ್ಟರಿಗೆ ಹತ್ತುವಾಗಲೇ ಹೇಳಿಬಿಡುತ್ತೇನೆ.