ಎಸ್‌ಪಿ ರೋಡಿನ ಸೌಂಡ್ ಕಾರ್ಡುಗಳು

ತೊಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೌಂಡ್ ಕಾರ್ಡ್ ಕೊಳ್ಳುವಾಗ ನಾವು ಡಬ್ಬದ ಮೇಲಿನದನ್ನು ಓದುತ್ತಿರಲಿಲ್ಲ. ಎಲ್ಲ ಡಬ್ಬಗಳ ಮೇಲೂ ‘ಸೌಂಡ್ ಬ್ಲಾಸ್ಟರ್ ಕಂಪ್ಯಾಟಿಬಲ್’ ಎಂದೇ ಇರುತ್ತಿತ್ತು. ಕಾರ್ಡನ್ನು ಹೊರತೆಗೆಸಿ, ಬೆಳಕಿಗೆ ಹಿಡಿದು, ನಡುವಿನ ದೊಡ್ಡ ಚಿಪ್ ಮೇಲಿನ ಸಣ್ಣಕ್ಷರ ನೋಡುತ್ತಿದ್ದೆವು: ಯಮಹಾ, ಇಎಸ್‌ಎಸ್, ಕ್ರಿಸ್ಟಲ್. ಲಿನಕ್ಸ್ ಡ್ರೈವರ್ ಇರುತ್ತಿದ್ದುದು ಚಿಪ್‌ಗೆ. ಆ ಅಕ್ಷರ ನೋಡದೆ ತಂದ ಕಾರ್ಡು ವಿಂಡೋಸ್‌ನಲ್ಲಿ ಚೆನ್ನಾಗಿ ಹಾಡಿ, ಲಿನಕ್ಸ್‌ನಲ್ಲಿ ಬಾಯಿಬಿಡದೆ ಕೂರುತ್ತಿತ್ತು.

ಆಗಿನವು ಐಎಸ್‌ಎ ಕಾರ್ಡುಗಳು. ವಿಳಾಸ 220, ಐಆರ್‌ಕ್ಯು 5, ಡಿಎಂಎ 1. ಈ ಅಂಕಿಗಳು ನಮ್ಮ ನಾಲಗೆ ತುದಿಯಲ್ಲಿದ್ದವು. ನೆಟ್‌ವರ್ಕ್ ಕಾರ್ಡೂ ಅದೇ 5ನ್ನು ಹಿಡಿದು ಕೂತಿದ್ದರೆ ಮುಗಿಯಿತು. ಒಂದರ ಜಂಪರ್ ಕಿತ್ತು ಬೇರೆ ಪಿನ್ನಿಗೆ ಸಿಕ್ಕಿಸಬೇಕು. ಜಂಪರ್ ಇಲ್ಲದ ಪ್ಲಗ್ ಅಂಡ್ ಪ್ಲೇ ಕಾರ್ಡುಗಳ ಕಾಟ ಇನ್ನೊಂದು ಬಗೆಯದು. ಪಿಎನ್‌ಪಿಡಂಪ್ ಓಡಿಸಿದರೆ ಉದ್ದನೆಯ ಫೈಲು ಬರುತ್ತಿತ್ತು. ಅದರಲ್ಲಿ ಬೇಕಾದ ಸಾಲುಗಳ ಮುಂದಿನ ಹ್ಯಾಶ್ ಗುರುತನ್ನು ಮಾತ್ರ ಅಳಿಸಬೇಕು. ರೆಡ್ ಹ್ಯಾಟ್‌ನಲ್ಲಿ ಸೌಂಡ್‌ಕಾನ್ಫಿಗ್ ಬಂದ ಮೇಲೆ ಈ ಕಷ್ಟ ಎಷ್ಟೋ ಇಳಿಯಿತು. ಕಾರ್ಡು ಸಿಕ್ಕಿತೆಂದರೆ ಅದು ಒಂದು ಧ್ವನಿ ನುಡಿಸುತ್ತಿತ್ತು: ಲಿನಸ್ ಟೊರ್ವಾಲ್ಡ್ಸ್ ತಾನೇ ‘ಲಿನಕ್ಸ್’ ಎಂದು ಉಚ್ಚರಿಸುವ ಪುಟ್ಟ ರೆಕಾರ್ಡಿಂಗ್. ಒಂದು ಇಡೀ ಸಂಜೆ ಗುದ್ದಾಡಿದ ಮೇಲೆ ಆ ದನಿ ಕೇಳಿದಾಗಿನ ಸಂತೋಷ ಈಗಲೂ ಮೈಯಲ್ಲಿದೆ.

ಆಮೇಲೆ ಸೌಂಡ್ ಮದರ್‌ಬೋರ್ಡಿನೊಳಗೇ ಸೇರಿತು. ಕಾರ್ಡಿನ ವ್ಯಾಪಾರ ಕರಗಿತು, ಸ್ಕ್ರೂಡ್ರೈವರ್ ಪಕ್ಕಕ್ಕೆ ಹೋಯಿತು. 2003ರ ಡಿಸೆಂಬರಿನಲ್ಲಿ ಬಂದ 2.6 ಕರ್ನಲ್‌ನಲ್ಲಿ ಆಲ್ಸಾ ಇತ್ತು. ಯಾರೋಸ್ಲಾವ್ ಕಿಸೆಲಾ ಗ್ರಾವಿಸ್ ಅಲ್ಟ್ರಾಸೌಂಡ್ ಎಂಬ ಕಾರ್ಡಿಗಾಗಿ ಶುರುಮಾಡಿದ ಡ್ರೈವರಿನಿಂದ ಬೆಳೆದ ವ್ಯವಸ್ಥೆ ಅದು. ಮೊದಮೊದಲು ಆಲ್ಸಾ ಎಲ್ಲ ಚಾನೆಲ್‌ಗಳನ್ನೂ ಮ್ಯೂಟ್ ಮಾಡಿಯೇ ಎದ್ದೇಳುತ್ತಿತ್ತು. ಕಾರ್ಡು ಸಿಕ್ಕಿದೆ, ಡ್ರೈವರ್ ಕೂತಿದೆ, ಸದ್ದಿಲ್ಲ! ಆಲ್ಸಾಮಿಕ್ಸರ್ ತೆರೆದು ‘ಎಂಎಂ’ ಎಂದಿರುವ ಕಡೆ ಎಂ ಕೀಲಿ ಒತ್ತಿದರೆ ಸಾಕು. ಎಷ್ಟೋ ಜನ ಅದು ತಿಳಿಯದೆ ಲಿನಕ್ಸನ್ನೇ ಅಳಿಸಿಬಿಟ್ಟರು ಎನ್ನುವುದು ನನಗೆ ಇವತ್ತಿಗೂ ನೋವಿನ ಸಂಗತಿ.

ಇಂಟೆಲ್ 2004ರಲ್ಲಿ ಹೈ ಡೆಫಿನಿಷನ್ ಆಡಿಯೋ ತಂದಾಗ, ಒಂದೇ ಡ್ರೈವರಿನಲ್ಲಿ ಎಲ್ಲವೂ ಮುಗಿಯಿತು ಅಂದುಕೊಂಡೆವು. ಮುಗಿಯಲಿಲ್ಲ. ಕೋಡೆಕ್ ಚಿಪ್ ಒಂದೇ ಆದರೂ ಅದರ ಯಾವ ಕಾಲು ಸ್ಪೀಕರಿಗೆ, ಯಾವುದು ಹೆಡ್‌ಫೋನಿಗೆ ಎಂಬುದನ್ನು ಲ್ಯಾಪ್‌ಟಾಪ್ ಮಾಡುವವರು ತಮಗೆ ಬೇಕಾದಂತೆ ಜೋಡಿಸುತ್ತಿದ್ದರು. ಹೆಡ್‌ಫೋನಿನಲ್ಲಿ ಹಾಡು ಬರುತ್ತದೆ, ಸ್ಪೀಕರಿನಲ್ಲಿ ಇಲ್ಲ. ಕೋಡೆಕ್ ಹೆಸರು ನೋಡಿ, ಮಾಡ್ಯೂಲಿಗೆ ಸರಿಯಾದ ‘ಮಾಡೆಲ್’ ಹೇಳಿ, ರೀಬೂಟ್ ಮಾಡಿ ಕಿವಿಗೊಡುವುದೇ ನಮ್ಮ ಕೆಲಸವಾಯಿತು. ಪಲ್ಸ್‌ಆಡಿಯೋ, ಈಚೆಗೆ ಪೈಪ್‌ವೈರ್ ಇದರ ಮೇಲೆ ಬಂದು ಕೂತವು. ತಳದಲ್ಲಿ ಆಲ್ಸಾಗೇ ಕಾರ್ಡು ಕಾಣದಿದ್ದರೆ ಅವು ತೋರಿಸುವುದು ‘ಡಮ್ಮಿ ಔಟ್‌ಪುಟ್’ ಮಾತ್ರ.

ಈ ಕೆಲಸದ ತೂಕ ನನಗೆ ತಿಳಿದದ್ದು ದೃಷ್ಟಿಯಿಲ್ಲದ ವಿದ್ಯಾರ್ಥಿಗಳಿಗೆ ಲಿನಕ್ಸ್ ಹಾಕಿಕೊಡತೊಡಗಿದ ಮೇಲೆ. ಓರ್ಕಾ ಪರದೆಯನ್ನು ಓದುತ್ತದೆ, ಈಸ್ಪೀಕ್ ಕನ್ನಡದಲ್ಲೂ ನುಡಿಯುತ್ತದೆ. ಆದರೆ ಸೌಂಡ್ ಕಾರ್ಡೇ ಸಿಗದಿದ್ದರೆ ಅವರ ಪಾಲಿಗೆ ಪರದೆಯೇ ಇಲ್ಲ. ಹೊಸ ಲ್ಯಾಪ್‌ಟಾಪುಗಳಲ್ಲಿ ಹೀಗಾಗುವುದು ಹೆಚ್ಚಾಯಿತು. ಅವುಗಳಲ್ಲಿ ಸದ್ದು ಡಿಎಸ್‌ಪಿ ಎಂಬ ಪ್ರೊಸೆಸರಿನ ಮೂಲಕ ಹೋಗುತ್ತದೆ, ಅದಕ್ಕೆ ಬೂಟ್ ಆಗುವಾಗ ಫರ್ಮ್‌ವೇರ್ ತುಂಬಬೇಕು. ಆ ಫೈಲು ಇಲ್ಲವೆಂದು ಡಿಮೆಸೇಜ್ ಸ್ಪಷ್ಟವಾಗಿ ಬರೆಯುತ್ತದೆ; ಓದಲು ಮಾತ್ರ ಕಣ್ಣಿರುವವರೊಬ್ಬರು ಪಕ್ಕದಲ್ಲಿರಬೇಕು.

ಡೆಬಿಯನ್‌ನಲ್ಲಿ ಮುಕ್ತವಲ್ಲದ ಫರ್ಮ್‌ವೇರನ್ನು ಇನ್‌ಸ್ಟಾಲರಿನಲ್ಲಿ ಸೇರಿಸಬೇಕೇ ಎಂಬ ಚರ್ಚೆ ನಡೆದಾಗ ಈ ತೊಡಕೂ ಅಲ್ಲಿ ಪ್ರಸ್ತಾಪವಾಯಿತು. 2022ರಲ್ಲಿ ಮತ ಹಾಕಿ ಸೇರಿಸಲು ಒಪ್ಪಿದರು. ಸಾಫ್ಟ್‌ವೇರ್ ಸ್ವಾತಂತ್ರ್ಯದ ಮಾತು ನನಗೂ ದೊಡ್ಡದೇ. ಆದರೂ ಆ ತೀರ್ಮಾನ ಸರಿ ಎಂದೇ ನನ್ನ ನಂಬಿಕೆ. 2023ರ ಜೂನಿನಲ್ಲಿ ಡೆಬಿಯನ್ 12 ಬಂದ ಮೇಲೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬೂಟ್ ಮೆನುವಿನಲ್ಲಿ ಎಸ್ ಕೀಲಿ ಒತ್ತಿ, ಇನ್‌ಸ್ಟಾಲರ್ ಓದಿ ಹೇಳಿದ್ದನ್ನು ಕೇಳುತ್ತಾ, ಹೊಸ ಲ್ಯಾಪ್‌ಟಾಪಿಗೆ ತಾನೇ ಲಿನಕ್ಸ್ ಹಾಕಿಕೊಂಡ. ನನಗೆ ವಿಷಯ ತಿಳಿಸಿದ್ದು ಕೆಲಸವೆಲ್ಲ ಮುಗಿದ ಮೇಲೆಯೇ.