ತಂಗಡಗಿಯಿಂದ ಮೈಸೂರಿನ ಮಟ್ಟಿಯವರೆಗೆ

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಗೆ ಬರುವವರಲ್ಲಿ ಹೆಚ್ಚಿನವರು ಶರಣೆ ನೀಲಾಂಬಿಕೆಯ ಐಕ್ಯಸ್ಥಳಕ್ಕೆ ಕೈಮುಗಿಯಲು ಬರುತ್ತಾರೆ. ನಾನೂ ಮೊದಲು ಅಲ್ಲಿಗೇ ಹೋದೆ. ನಾರಾಯಣಪುರ ಜಲಾಶಯದ ಹಿನ್ನೀರು ಸೇರಿ ಕೃಷ್ಣೆ ಇಲ್ಲಿ ಕಣ್ಣು ಹಾಯುವಷ್ಟು ದೂರ ಹರಡಿದ್ದಾಳೆ. ಈ ಊರಿಗೆ ಇನ್ನೊಂದು ನೆನಪೂ ಅಂಟಿಕೊಂಡಿದೆ. 1565ರ ಜನವರಿ 23ರಂದು ವಿಜಯನಗರ ಸೋತ ಕಾಳಗವನ್ನು ನಾವು ರಕ್ಕಸಗಿ-ತಂಗಡಗಿ ಯುದ್ಧವೆಂದೇ ಓದಿದವರು. ದಖನ್ನಿನ ಸುಲ್ತಾನರು ಒಂದಾದರು, ಅಳಿಯ ರಾಮರಾಯ ರಣದಲ್ಲೇ ಪ್ರಾಣ ಬಿಟ್ಟ. ದೊರೆಗಳ ಹೆಸರೆಲ್ಲ ಶಾಲೆಯ ಮಕ್ಕಳಿಗೂ ಬಾಯಿಪಾಠ. ಆದರೆ ಎರಡೂ ಕಡೆಯ ಆ ಸಾವಿರಾರು ತೋಳುಗಳಿಗೆ ಸಾಮು ಕಲಿಸಿದ ಗುರುಗಳು ಯಾರು? ಅವರ ವಿದ್ಯೆ ಅಂದೇ ಮಣ್ಣುಪಾಲಾಯಿತೇ?

ಆ ವಿದ್ಯೆಯ ಬೇರು ಬಹಳ ಆಳದ್ದು. ನೀಲಾಂಬಿಕೆ ಬಾಳಿದ ಕಲ್ಯಾಣದಲ್ಲೇ, ಆಕೆಗಿಂತ ಒಂದು ತಲೆಮಾರು ಹಿಂದೆ, ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ರಚಿಸಿದ. ಅದರ ಮಲ್ಲವಿನೋದ ಭಾಗದಲ್ಲಿ ಜಟ್ಟಿಗಳನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುವ ಕ್ರಮವಿದೆ. ಅವರು ಮಾಡಬೇಕಾದ ಕಸರತ್ತಿದೆ. ಅರಸ ಅವರಿಗೆ ಒದಗಿಸಬೇಕಾದ ಬೇಳೆಕಾಳು, ಹಾಲು, ಮಾಂಸ, ಸಕ್ಕರೆಯ ಲೆಕ್ಕವೂ ಇದೆ. ಮಲ್ಲನ ಊಟದ ಚಿಂತೆಯನ್ನು ಅರಸನೇ ಹೊತ್ತುಕೊಂಡ ನಾಡು ನಮ್ಮದು.

ಹುನಗುಂದ, ಇಳಕಲ್ಲ, ಕುಷ್ಟಗಿ ದಾಟಿ ಹಂಪಿಗೆ ಬಂದೆ. ಮಹಾನವಮಿ ದಿಬ್ಬದ ಬುಡದಲ್ಲಿ ಆನೆ, ಕುದುರೆ, ಬೇಟೆಗಾರರು, ಕುಣಿಯುವ ಹೆಂಗಸರ ಸಾಲುಗಳ ನಡುವೆ ಸೆಣಸುವ ಮಲ್ಲರೂ ಇದ್ದಾರೆ. ಸುಮಾರು 1520ರಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಮುಂಜಾವನ್ನು ಬಣ್ಣಿಸಿದ್ದಾನೆ. ಬೆಳಕು ಹರಿಯುವ ಮುನ್ನವೇ ರಾಯ ಎಳ್ಳೆಣ್ಣೆ ಕುಡಿಯುತ್ತಿದ್ದ, ಮೈಗೂ ಅದನ್ನೇ ತೀಡಿಸಿಕೊಳ್ಳುತ್ತಿದ್ದ. ಭಾರ ಎತ್ತಿ, ಕತ್ತಿ ಬೀಸಿ, ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ತನ್ನ ಜಟ್ಟಿಯೊಬ್ಬನೊಡನೆ ಕುಸ್ತಿಗೆ ಇಳಿಯುತ್ತಿದ್ದ. ಆಮೇಲೆ ಕುದುರೆ ಸವಾರಿ. ಮಹಾನವಮಿಯ ಕಾಳಗಗಳಲ್ಲಿ ಹಲ್ಲು ಮುರಿಯುತ್ತಿದ್ದವು, ಮುಖ ಗುರುತು ಸಿಗದಂತಾಗುತ್ತಿತ್ತು ಎಂದೂ ಪಾಯಸ್ ಬರೆದಿದ್ದಾನೆ. ಅವನ ನಂತರ ಬಂದ ನೂನಿಜ್, ಅರಮನೆಯಲ್ಲಿ ಕುಸ್ತಿಯಾಡುವ ಹೆಂಗಸರೂ ಇದ್ದರೆಂದು ದಾಖಲಿಸಿದ. ಇಂದು ಕಣಕ್ಕಿಳಿಯುವ ನಮ್ಮ ಹೆಣ್ಣುಮಕ್ಕಳಿಗೆ ಐನೂರು ವರ್ಷದ ಹಿಂದಿನ ಅಕ್ಕಂದಿರಿದ್ದಾರೆ!

ರಾಯನಿಗೆ ಪಟ್ಟು ಹಾಕುತ್ತಿದ್ದ ಆ ಜಟ್ಟಿಯ ಹೆಸರನ್ನು ಮಾತ್ರ ಪಾಯಸ್ ಬರೆದಿಲ್ಲ. ದಿಬ್ಬದ ಕಲ್ಲಿನ ಮಲ್ಲರಿಗೂ ಹೆಸರಿಲ್ಲ. ತಂಗಡಗಿಯ ಸೋಲಿನ ಬೆನ್ನಲ್ಲೇ ಈ ನಗರ ಹಾಳಾಯಿತು. ಆದರೆ ಇಲ್ಲಿನ ಮಹಾನವಮಿ ಸಾಯಲಿಲ್ಲ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆಗೆ ನಾಂದಿ ಹಾಡಿದರು. ಮಲ್ಲರಿಗೂ ಆ ಹಬ್ಬದಲ್ಲಿ ಜಾಗ ಉಳಿಯಿತು. ಅದರ ಬೆನ್ನು ಹಿಡಿದು ನಾನೂ ಮೈಸೂರಿಗೆ ಇಳಿದೆ.

ವಿಜಯದಶಮಿಯಂದು ಮೈಸೂರು ಅರಮನೆಯ ಒಳಾಂಗಣದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನದವರು ತಲೆ ಬೋಳಿಸಿಕೊಂಡು ಬರುತ್ತಾರೆ. ಬೆರಳುಗಳಿಗೆ ಮೊನಚು ಮೊನೆಯ ಆಯುಧ ಸಿಕ್ಕಿಸಿಕೊಂಡು ಎದುರುಬದುರು ನಿಲ್ಲುತ್ತಾರೆ. ಒಬ್ಬನ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ಇತ್ತ ದಸರಾ ಕುಸ್ತಿಯಲ್ಲಿ ಗೆದ್ದವರಿಗೆ ‘ದಸರಾ ಕಂಠೀರವ’ ಎಂಬ ಬಿರುದು. ಆ ಬಿರುದು ಕೇಳಿದಾಗಲೆಲ್ಲ, ವೇಷ ಮರೆಸಿಕೊಂಡು ತಿರುಚಿನಾಪಳ್ಳಿಗೆ ಹೋಗಿ ಅಲ್ಲಿನ ಜಟ್ಟಿಯನ್ನು ಗೆದ್ದು ಬಂದನೆಂದು ಜನ ಕೊಂಡಾಡುವ ರಣಧೀರ ಕಂಠೀರವ ನರಸರಾಜ ಒಡೆಯರ್ ಕಣ್ಮುಂದೆ ಬರುತ್ತಾನೆ.

ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹಳೆಯ ಬಡಾವಣೆಯ ಒಂದು ಗರಡಿಯಲ್ಲಿ. ಕೆಂಪು ಮಟ್ಟಿ, ಮೂಲೆಯಲ್ಲಿ ಗದೆ, ಗೋಡೆಯಲ್ಲಿ ಹನುಮಂತ, ಅವನ ಪಕ್ಕದಲ್ಲೇ ಹಿಂದಿನ ಉಸ್ತಾದರ ಮಸುಕಾದ ಪಟಗಳು. ಹಿರಿಯರೊಬ್ಬರು ಹುಡುಗನ ಮೊಣಕೈ ಹಿಡಿದು ತಿರುಗಿಸಿ, “ನಮ್ಮ ಉಸ್ತಾದ್ರು ಹಿಂಗೇ ತಿರುಗಿಸೋರು, ನೀನೂ ಹಿಂಗೇ ತಿರುಗ್ಸು” ಎಂದರು. ಹುಡುಗ ಮೊದಲು ಪಟಕ್ಕೆ ಕೈಮುಗಿದು, ಆಮೇಲೆ ಮಟ್ಟಿಗಿಳಿದ. ಕಲಿಸಿದವನ ಹೆಸರು ಹೇಳಿಯೇ ಪಟ್ಟು ಕಲಿಸುವುದು ಗರಡಿಯ ಧರ್ಮ. ಅರಮನೆ ಮರೆತ ಗುರುವನ್ನು ಶಿಷ್ಯನ ಮೈ ಮರೆತಿಲ್ಲ. ಯುದ್ಧದಲ್ಲಿ ರಾಜ್ಯ ಹೋದರೂ ವಿದ್ಯೆ ಉಳಿದದ್ದು ಹೀಗೆ.

ಆದರೆ ಮೈಯಿಂದ ಮೈಗೆ ಹರಿಯುವ ವಿದ್ಯೆಗೆ ಒಂದು ಅಪಾಯವುಂಟು. ಒಂದು ತಲೆಮಾರು ಮಟ್ಟಿಗೆ ಇಳಿಯದೆ ಹೋದರೆ ಪಟ್ಟೂ ಹೋಗುತ್ತದೆ, ಹೆಸರೂ ಹೋಗುತ್ತದೆ. ನಮ್ಮ ಕೃಷ್ಣಾ ತೀರದ ಊರುಗಳಲ್ಲಿ ಜಾತ್ರೆ ಬಂದರೆ ಕುಸ್ತಿ ಕಣ ಸಿದ್ಧವಾಗುತ್ತದೆ, ಹಲಗಿ ಬಡಿಯುತ್ತದೆ, ಸಂಗ್ರಾಣಿ ಕಲ್ಲು ಎತ್ತುವವರಿಗೆ ಶಿಳ್ಳೆ ಬೀಳುತ್ತದೆ. ಗೆದ್ದ ಪೈಲ್ವಾನನಿಗೆ ಬೆಳ್ಳಿ ಕಡಗ ಸಿಗುತ್ತದೆ. ಅವನನ್ನು ತಯಾರು ಮಾಡಿದ ವಸ್ತಾದರು ಜನರ ನಡುವೆ ಎಲ್ಲೋ ಕೂತಿರುತ್ತಾರೆ. ಮುಂದಿನ ಜಾತ್ರೆಯ ಮೊದಲ ಜೋಡಿ ಬಿಡುವ ಮುನ್ನ ಅವರನ್ನು ಕಣಕ್ಕೆ ಕರೆದು ಶಾಲು ಹೊದಿಸಿ. ಅದಕ್ಕೂ ಮೊದಲು ಅವರ ಮನೆಗೆ ಹೋಗಿ ಕೂತು, ಅವರಿಗೆ ಕಲಿಸಿದವರು ಯಾರು, ಅವರಿಗೆ ಕಲಿಸಿದವರು ಯಾರು ಎಂದು ಕೇಳಿ ಬರೆದುಕೊಳ್ಳಿ. ಅವರು ತೋರಿಸುವ ಪಟ್ಟುಗಳನ್ನು ಮೊಬೈಲಿನಲ್ಲಿ ಚಿತ್ರಿಸಿಕೊಳ್ಳಿ. ಪಾಯಸ್ ಬರೆಯದೆ ಬಿಟ್ಟ ಹೆಸರುಗಳನ್ನು ನಾವು ಈಗ ತರಲಾರೆವು. ನಮ್ಮ ಕಾಲದ ಹೆಸರುಗಳನ್ನು ಬರೆದಿಡುವುದು ನಮ್ಮ ಕೈಯಲ್ಲೇ ಇದೆ.