ಹಿಡಿ ಹುಲ್ಲಿನ ಋಣ

ಚಳ್ಳಕೆರೆಯ ಪೇಟೆ ದಾಟಿ ನಾಯಕನಹಟ್ಟಿಯ ದಾರಿ ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಊರಿನ ಗದ್ದಲ ಹಿಂದೆ ಉಳಿದು ಬಯಲು ಎದುರಾಗುತ್ತದೆ. ಎರಡೂ ಬದಿಗೆ ಕೆಂಪು ಮಣ್ಣಿನ ಹೊಲಗಳು, ಅಲ್ಲಲ್ಲಿ ಕಲ್ಲುಗುಡ್ಡ, ಬದುವಿನ ಮೇಲೆ ಜಾಲಿ, ಬೇವು. ಚಿತ್ರದುರ್ಗ ಸೀಮೆಯ ಗುಡ್ಡಗಳ ನೆತ್ತಿಯಲ್ಲಿ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿರುತ್ತವೆ. ಬಂದ ಮೋಡವನ್ನು ಅವೇ ಓಡಿಸಿಬಿಡುತ್ತವೆ ಎಂಬ ಗುಮಾನಿ ಈ ಕಡೆಯ ಹಳ್ಳಿಗರಲ್ಲಿ ಬಹಳ ದಿನದಿಂದ ಇದೆ. ಯಂತ್ರದ ರೆಕ್ಕೆಗೆ ಮೋಡ ಓಡಿಸುವ ಶಕ್ತಿಯಿಲ್ಲ ಎಂದು ತಿಳಿದವರು ಎಷ್ಟು ಹೇಳಿದರೂ, ಮೋಡ ಕಟ್ಟಿ ಕರಗಿಹೋಗುವುದನ್ನು ವರ್ಷವರ್ಷ ನೋಡಿದವರಿಗೆ ದೂರಲು ಯಾರಾದರೊಬ್ಬರು ಬೇಕಲ್ಲವೆ?

ವರ್ಷಕ್ಕೆ ಐನೂರು ಮಿಲಿಮೀಟರ್ ಆಸುಪಾಸಿನ ಮಳೆ ಕಾಣುವ ತಾಲ್ಲೂಕು ಇದು. ರಾಜ್ಯದ ಅತಿ ಕಡಿಮೆ ಮಳೆಯ ಸೀಮೆಗಳ ಪಟ್ಟಿಯಲ್ಲಿ ಇದರ ಹೆಸರು ಎಂದೂ ತಪ್ಪುವುದಿಲ್ಲ. ಆದರೂ ಚಳ್ಳಕೆರೆಗೆ ‘ಎಣ್ಣೆ ನಗರ’ ಎಂಬ ಬಿರುದು ಬಂದದ್ದು ಇದೇ ಒಣ ಹೊಲಗಳಲ್ಲಿ ಬೆಳೆದ ಶೇಂಗಾದಿಂದ. ಶೇಂಗಾ ಇಲ್ಲಿ ಬರಿಯ ಬೆಳೆಯಲ್ಲ. ಕಾಯಿ ಎಣ್ಣೆಯ ಗಿರಣಿಗೆ, ಹಿಂಡಿ ಹೈನಿಗೆ, ಕಾಯಿ ಬಿಡಿಸಿಕೊಂಡು ಉಳಿದ ಬಳ್ಳಿ ವರ್ಷವಿಡೀ ದನದ ಗೋದಲಿಗೆ. ಹೀಗಾಗಿ ಶೇಂಗಾ ಕೈಕೊಟ್ಟರೆ ರೈತ ಒಂದು ಕೈಯಲ್ಲಿ ದುಡ್ಡನ್ನೂ ಇನ್ನೊಂದು ಕೈಯಲ್ಲಿ ಮೇವನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾನೆ.

2023ರಲ್ಲಿ ಆದದ್ದು ಅದೇ. ಅದರ ಹಿಂದಿನ ವರ್ಷದ ಸಂಭ್ರಮ ಇನ್ನೂ ಆರಿರಲಿಲ್ಲ. 1907ರಲ್ಲಿ ಪೂರ್ಣಗೊಂಡ ಹಿರಿಯೂರಿನ ವಾಣಿವಿಲಾಸ ಸಾಗರ, ಜನರ ಬಾಯಲ್ಲಿ ಮಾರಿಕಣಿವೆ, 1933ರಲ್ಲಿ ಒಮ್ಮೆ ಕೋಡಿ ಹರಿದಿದ್ದು ಬಿಟ್ಟರೆ ಮತ್ತೆ ತುಂಬಿ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. ಎಂಬತ್ತೊಂಬತ್ತು ವರ್ಷದ ಮೇಲೆ ಕೋಡಿಬಿದ್ದ ಕಣಿವೆಯನ್ನು ನೋಡಲು ಬುತ್ತಿ ಕಟ್ಟಿಕೊಂಡು, ಗಾಡಿ, ಬೈಕು, ಟೆಂಪೊ ಹತ್ತಿ ಜನ ಹೋದರು. ಇನ್ನು ನಾಲ್ಕು ವರ್ಷ ಚಿಂತೆಯಿಲ್ಲ ಅಂದುಕೊಂಡವರೂ ಇದ್ದರು. ಆದರೆ ಕಣಿವೆಯ ನೀರು ಮಳೆಯಾಶ್ರಿತ ಹೊಲಕ್ಕೆ ಹತ್ತುವುದಿಲ್ಲ. ಹೊಲ ನೋಡುವುದು ಮುಗಿಲನ್ನು ಮಾತ್ರ.

ಮರುವರ್ಷ ಜೂನ್ ಒಣಗಿಯೇ ಹೋಯಿತು. ಜುಲೈನಲ್ಲಿ ಒಂದಿಷ್ಟು ಹನಿದು ಆಸೆ ಹುಟ್ಟಿಸಿತು. ಎಕರೆಗೆ ನಲವತ್ತು, ಐವತ್ತು ಕಿಲೋ ಬೀಜ ಬೇಡುವ ಬೆಳೆ ಶೇಂಗಾ. ಸಾಲ ಮಾಡಿಯೋ ಒಡವೆ ಒತ್ತೆಯಿಟ್ಟೋ ಬೀಜ ತಂದು ಬಿತ್ತಿದ್ದಾಯಿತು. ಹೂವಾಡಿ ಊಡು ಮಣ್ಣಿಗೆ ಇಳಿಯಬೇಕಾದ ಹೊತ್ತಿಗೆ ಆಗಸ್ಟ್ ಬಂತು, ಮಳೆ ಬರಲಿಲ್ಲ. 1901ರಿಂದ ಇಟ್ಟುಕೊಂಡು ಬಂದ ದಾಖಲೆಗಳಲ್ಲಿ ದೇಶಕ್ಕೆ ಅದೇ ಅತ್ಯಂತ ಒಣ ಆಗಸ್ಟ್. ಗಟ್ಟಿಯಾದ ನೆಲದೊಳಕ್ಕೆ ಊಡು ಇಳಿಯಲಿಲ್ಲ; ಇಳಿದದ್ದು ಜೊಳ್ಳಾಯಿತು. ಸೆಪ್ಟೆಂಬರಿನಲ್ಲಿ ಸರ್ಕಾರ 195 ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿತು. ನವೆಂಬರಿನ ಹೊತ್ತಿಗೆ ರಾಜ್ಯದ 236 ತಾಲ್ಲೂಕುಗಳ ಪೈಕಿ ಆ ಪಟ್ಟಿಯಲ್ಲಿ ಇದ್ದದ್ದು 223.

ಬರದ ವರ್ಷದಲ್ಲಿ ಮನೆ ಬಿಟ್ಟು ಮೊದಲು ಹೊರಡುವುದು ಎತ್ತು. ಮಾರಬಾರದೆಂದು ಎಲ್ಲರಿಗೂ ಗೊತ್ತು. ಇಂದು ಎತ್ತು ಮಾರಿದವನು ನಾಳೆ ಮಳೆ ಬಿದ್ದಾಗ ಬಾಡಿಗೆ ಟ್ರ್ಯಾಕ್ಟರಿಗೆ ಕಾದು ಕೂರಬೇಕು. ಹದ ಯಾರಿಗೂ ಕಾಯುವುದಿಲ್ಲ. ಆದರೆ ಗೋದಲಿ ಬರಿದಾದಾಗ ದನ ಮಾತಾಡದೆ ಯಜಮಾನನ ಮುಖ ನೋಡುತ್ತದೆ. ಆ ನೋಟ ತಡೆಯಲಾರದೆ ಮುಂಜಾನೆ ಕತ್ತಲಲ್ಲೇ ಸಂತೆಗೆ ಹೊಡೆದುಕೊಂಡು ಹೋಗುವವರಿದ್ದಾರೆ. ಎಲ್ಲರೂ ಮಾರುವ ದಿನ ಕೊಳ್ಳುವವನದೇ ಬೆಲೆ. ಕೈಯಲ್ಲಿ ಬರಿಯ ಹಗ್ಗ ಹಿಡಿದು ಸಂತೆಯಿಂದ ಮರಳುವವನನ್ನು ದಾರಿಯಲ್ಲಿ ಕಂಡವರು ‘ಎಷ್ಟಕ್ಕೆ ಹೋಯಿತಣ್ಣ?’ ಎಂದು ಕೇಳುವುದಿಲ್ಲ. ಅದು ಈ ಸೀಮೆಯ ಮರ್ಯಾದೆ.

ಆದರೆ ಇದೇ ತಾಲ್ಲೂಕಿನಲ್ಲಿ ಎಂಥ ಬರ ಬಂದರೂ ಮಾರಲಾಗದ ದನಗಳೂ ಇವೆ. ನಾಯಕನಹಟ್ಟಿ, ತಳಕು ಕಡೆಯ ಹಟ್ಟಿಗಳಲ್ಲಿ, ಪಕ್ಕದ ಮೊಳಕಾಲ್ಮುರು ತಾಲ್ಲೂಕಿನಲ್ಲಿ, ಮ್ಯಾಸನಾಯಕರ ದೇವರುಗಳಿಗೆ ಸೇರಿದ ಹಿಂಡುಗಳಿವು. ‘ದೇವರ ಎತ್ತು’ ಎಂದೇ ಹೆಸರು. ಇವುಗಳ ಹೆಗಲಿಗೆ ನೊಗ ಹೂಡುವುದಿಲ್ಲ, ಸಂತೆಗೆ ಒಯ್ಯುವುದಿಲ್ಲ. ಸತ್ತರೆ ಮನೆಯ ಹಿರಿಯರನ್ನು ಮಣ್ಣು ಮಾಡಿದಂತೆ ಮಣ್ಣು ಮಾಡುತ್ತಾರೆ. ಗಾದ್ರಿ ಪಾಲನಾಯಕನಂಥ ಪಶುಪಾಲಕ ವೀರರ ಕಥೆ ಕೇಳುತ್ತ ಬೆಳೆದ ಜನಕ್ಕೆ ದನವೆಂದರೆ ಕುಲದ ನೆನಪು. ಕಾಡುಗೊಲ್ಲರ ಹಟ್ಟಿಗೆ ಹೋದರೆ ಅಲ್ಲಿ ಜುಂಜಪ್ಪನ ಹೆಸರಿನಲ್ಲೂ ಇಂಥದೇ ಭಕ್ತಿ.

ಹಿಂಡನ್ನು ಕಾಯುವವನು ಕಿಲಾರಿ. ಹೆಗಲಲ್ಲಿ ಕಂಬಳಿ, ಕೈಯಲ್ಲಿ ಕೋಲು. ಮುಳ್ಳಿನ ಬೇಲಿ ಕಟ್ಟಿದ ರೊಪ್ಪದ ಬಳಿಯೇ ಅವನ ವಾಸ. ಬಿಸಿಲು, ಚಳಿ ಎಲ್ಲವೂ ದನದ ಜೊತೆಯಲ್ಲೇ. ಮೇವು ಎಲ್ಲಿದೆಯೋ ಅಲ್ಲಿಗೆ ಹಿಂಡು, ಹಿಂಡು ಎಲ್ಲಿದೆಯೋ ಅಲ್ಲಿಗೆ ಕಿಲಾರಿ. ಒಬ್ಬೊಬ್ಬ ಕಿಲಾರಿಗೆ ತನ್ನ ಹಿಂಡಿನ ಒಂದೊಂದು ದನದ ತಾಯಿ, ಅಜ್ಜಿಯ ಗುರುತೂ ಬಾಯಿಗೆ ಬರುತ್ತದೆ.

ಹೊರಗಿನವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಉಳುವ ಎತ್ತಿಗೇ ಹುಲ್ಲಿಲ್ಲದ ವರ್ಷ ಉಳದ ಎತ್ತಿಗೆ ಹುಲ್ಲು ಹಾಕುವುದೆ? ಆದರೆ ಬರದ ದಿನಗಳಲ್ಲಿ ನಡೆಯುವುದನ್ನು ನೋಡಿದರೆ ಇದರೊಳಗಿನ ಜಾಣತನ ಅರ್ಥವಾಗುತ್ತದೆ. ದೇವರ ಎತ್ತಿಗೆ ಮೇವಿಲ್ಲ ಎಂಬ ಸುದ್ದಿ ಹಟ್ಟಿಯಿಂದ ಹಟ್ಟಿಗೆ ಹೋಗುತ್ತದೆ. ಇದ್ದವನು ಒಂದು ಟ್ರ್ಯಾಕ್ಟರು ಹುಲ್ಲು ಕಳಿಸುತ್ತಾನೆ, ಇಲ್ಲದವನು ತಲೆಯ ಮೇಲೆ ಒಂದು ಹೊರೆ ತರುತ್ತಾನೆ, ಅದೂ ಇಲ್ಲದವಳು ಮಡಿಲಲ್ಲಿ ಹಿಡಿ ಶೇಂಗಾ ಬಳ್ಳಿ ತಂದು ಹಾಕಿ ಕೈಮುಗಿದು ಹೋಗುತ್ತಾಳೆ. ಬೆಂಗಳೂರಿಗೆ ದುಡಿಯಲು ಹೋದ ಹುಡುಗರು ತಮ್ಮತಮ್ಮಲ್ಲಿ ಚಂದಾ ಎತ್ತಿ ಒಂದು ಲೋಡಿನ ದುಡ್ಡು ಕಳಿಸುತ್ತಾರೆ. ಒಳ್ಳೆಯ ವರ್ಷಗಳಲ್ಲಿ ಭದ್ರಾ ಅಚ್ಚುಕಟ್ಟಿನ ಕಡೆಯಿಂದ ಭತ್ತದ ಹುಲ್ಲು ಲಾರಿಯಲ್ಲಿ ಸಲೀಸಾಗಿ ಬರುತ್ತಿತ್ತು. 2023ರಲ್ಲಿ ಭದ್ರೆಯ ರೈತರೇ ನಾಲೆಯ ನೀರಿಗಾಗಿ ಬೀದಿಗಿಳಿದಿದ್ದರು. ಹಾಗಾಗಿ ಹತ್ತಿರದ ಒಂದು ಹೊರೆಗೂ ಬೆಲೆ ಬಂತು.

ಇಲ್ಲಿ ಗಮನಿಸಬೇಕಾದದ್ದು ಕೊಟ್ಟ ಹುಲ್ಲಿನ ಲೆಕ್ಕವಲ್ಲ, ಕೊಡುವ ರೀತಿ. ಹುಲ್ಲು ಹೋಗುವುದು ದೇವರಿಗೆ. ಹೀಗಾಗಿ ಕೊಟ್ಟವನ ಕೈ ಮೇಲಾಗುವುದಿಲ್ಲ, ಪಡೆದವನ ತಲೆ ತಗ್ಗುವುದಿಲ್ಲ. ಯಾರದೂ ಅಲ್ಲದ ದನವಾದ್ದರಿಂದ ಅದು ಎಲ್ಲರದೂ ಆಗುತ್ತದೆ. ತನ್ನ ಎತ್ತು ಮಾರಿ ಬಂದವನೂ ಈ ಹಿಂಡಿನ ಮುಂದೆ ನಿಂತು, ಊರಲ್ಲಿ ಇನ್ನೂ ದನವಿದೆ, ಊರು ಇನ್ನೂ ಊರಾಗಿಯೇ ಇದೆ ಎಂದು ಸಮಾಧಾನ ಪಡುತ್ತಾನೆ.

ಈ ಸೀಮೆಯ ಉಳಿದ ಪದ್ಧತಿಗಳಲ್ಲೂ ಇದೇ ಗುಣ. ಮಳೆ ಹೋದಾಗ ಮಕ್ಕಳು ಮಣ್ಣಿನಲ್ಲಿ ಮಳೆರಾಯನನ್ನು ಮಾಡಿ, ಮಣೆಯ ಮೇಲೆ ಕೂರಿಸಿ, ಒಬ್ಬನ ತಲೆಯ ಮೇಲೆ ಹೊರಿಸಿ ಮನೆಮನೆ ಸುತ್ತುತ್ತಾರೆ. ಮನೆಯಾಕೆ ಹೊರಬಂದು ಮಳೆರಾಯನ ಮೇಲೆ ಒಂದು ಚೊಂಬು ನೀರು ಹುಯ್ದು, ರಾಗಿಯೋ ಜೋಳವೋ ಅಕ್ಕಿಯೋ ಇದ್ದದ್ದನ್ನು ನೀಡುತ್ತಾಳೆ. ಕೂಡಿದ ಕಾಳು ಒಂದೇ ಒಲೆಯ ಮೇಲೆ ಬೇಯುತ್ತದೆ, ಊರು ಒಂದೇ ಪಂಕ್ತಿಯಲ್ಲಿ ಉಣ್ಣುತ್ತದೆ. ಆ ಪೂಜೆಯಿಂದ ಮಳೆ ಬಂತೇ ಬಿಟ್ಟಿತೇ ಎಂಬುದು ಬೇರೆ ಮಾತು. ಆದರೆ ಅಂದು ರಾತ್ರಿ, ಗಡಿಗೆಯಲ್ಲಿ ಹಿಟ್ಟಿಲ್ಲದ ಮನೆಯವರೂ ಹೊಟ್ಟೆ ತುಂಬ ಉಂಡು ಮಲಗುತ್ತಾರೆ. ಯಾರೂ ಬೇಡಲಿಲ್ಲ, ಯಾರೂ ದಾನ ಕೊಡಲಿಲ್ಲ.

ಮುಯ್ಯಾಳಿನ ಲೆಕ್ಕವೂ ಹೀಗೆಯೇ. ಇಂದು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಕೂಲಿಯ ದುಡ್ಡು ನಡುವೆ ಬರುವುದಿಲ್ಲ. ಕೈ ತುಂಬ ದುಡ್ಡಿದ್ದ ವರ್ಷಗಳಲ್ಲಿ ಮುಯ್ಯಿ ಮರೆತುಹೋಗುತ್ತದೆ. ಕೂಲಿಯಾಳು, ಯಂತ್ರ ಬರುತ್ತವೆ. ಬೆಳೆ ಕೈಕೊಟ್ಟ ವರ್ಷ, ಕಿತ್ತ ಶೇಂಗಾ ಕೂಲಿಗೂ ಸಾಲದು ಎಂದಾದಾಗ, ಅತ್ತಿಗೆ ನಾದಿನಿಯರು, ಅಕ್ಕಪಕ್ಕದವರು ಮತ್ತೆ ಒಬ್ಬರ ಹೊಲಕ್ಕೊಬ್ಬರು ಇಳಿಯುತ್ತಾರೆ. ಕಾಯಿ ಸಿಕ್ಕದಿದ್ದರೆ ಬೇಡ, ದನಕ್ಕೆ ಬಳ್ಳಿಯಾದರೂ ಆಗಲಿ ಎಂದು ಕಿತ್ತು ಬಣವೆ ಒಟ್ಟುತ್ತಾರೆ. ಕುರುಬರು ಕುರಿಮಂದೆಯನ್ನು ಹೊಲದಲ್ಲಿ ತಂಗಿಸಿದರೆ ಹೊಲಕ್ಕೆ ಗೊಬ್ಬರ, ಕುರಿಯವನಿಗೆ ಕಾಳು. ಈ ಕೊಡುಕೊಳ್ಳುವಿಕೆಗೂ ಪತ್ರವಿಲ್ಲ, ರಸೀದಿಯಿಲ್ಲ.

ಇಷ್ಟು ಹೇಳಿ ಹಳ್ಳಿಯ ಒಗ್ಗಟ್ಟನ್ನು ಹೊಗಳಿ ಸುಮ್ಮನಾದರೆ ಅರ್ಧ ಸತ್ಯವಾದೀತು. ಈ ಒಗ್ಗಟ್ಟಿಗೂ ಜಾತಿಯ, ಹಟ್ಟಿಯ ಗೆರೆಗಳಿವೆ. ಗೆರೆಯಾಚೆ ಎಲ್ಲರ ಪಂಕ್ತಿಯೂ ಒಂದೇ ಅಲ್ಲ. ಜೊತೆಗೆ, ಹಿಡಿ ಹುಲ್ಲಿನಿಂದ ಬರ ನೀಗುವುದೂ ಇಲ್ಲ. ಮಳೆಯಾಶ್ರಿತ ಬೆಳೆಗೆ 2023ರಲ್ಲಿ ಪರಿಹಾರದ ನಿಯಮವಿದ್ದದ್ದು ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯಲ್ಲಿ. ಎಕರೆಗೆ ಲೆಕ್ಕ ಹಾಕಿದರೆ ಮೂರೂವರೆ ಸಾವಿರವೂ ಆಗುತ್ತಿರಲಿಲ್ಲ. ರಾಜ್ಯ ಸರ್ಕಾರ ಮೊದಲ ಕಂತಾಗಿ ಒಬ್ಬೊಬ್ಬ ರೈತನಿಗೆ 2,000 ರೂಪಾಯಿವರೆಗೆ ಕೊಟ್ಟಿತು. ಕೇಂದ್ರದಿಂದ 18,171 ಕೋಟಿ ಕೇಳಿ, ಕೊನೆಗೆ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ಮೇಲೆ, 2024ರ ಏಪ್ರಿಲಿನಲ್ಲಿ ಬಂದದ್ದು 3,454 ಕೋಟಿ. ಅಷ್ಟರಲ್ಲಿ ಇನ್ನೊಂದು ಬೇಸಿಗೆಯೇ ಬಂದಿತ್ತು.

ದನಗಳ ಪಾಲಿಗೆ ಮಳೆಗಿಂತ ದೊಡ್ಡ ಚಿಂತೆ ಇನ್ನೊಂದಿದೆ. ಮೈಸೂರು ಅರಸರ ಕಾಲದ ‘ಬೆಣ್ಣೆ ಚಾವಡಿ’ ಟಿಪ್ಪುವಿನ ಕಾಲದಲ್ಲಿ ‘ಅಮೃತ ಮಹಲ್’ ಆಯಿತು. ಆ ಹಿಂಡುಗಳಿಗೆಂದು ಬಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಚಳ್ಳಕೆರೆ ತಾಲ್ಲೂಕಿನ ವರವು, ಖುದಾಪುರ, ಉಳ್ಳಾರ್ತಿ ಕಾವಲುಗಳಲ್ಲಿ ಸುತ್ತಲ ಹಳ್ಳಿಗಳ ದನ, ಕುರಿ ತಲೆಮಾರುಗಳಿಂದ ಮೇದಿವೆ. ಇಲ್ಲಿನ ಕಂಬಳಿಗೆ ಹೆಸರು ಬಂದದ್ದೂ ಈ ಹುಲ್ಲಿನ ಬಲದಿಂದ. 2008ರ ನಂತರ ಈ ಕಾವಲುಗಳ ಸುಮಾರು ಹತ್ತು ಸಾವಿರ ಎಕರೆ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಎತ್ತರದ ಕಾಂಪೌಂಡು ಎದ್ದಿತು. ಹಳ್ಳಿಗರು ಹೋರಾಡಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ದೇಶಕ್ಕೆ ವಿಜ್ಞಾನ ಬೇಕು, ಸರಿ. ಆದರೆ ಹಿಂದಿನ ಬರಗಳಲ್ಲಿ ಬೇರೇನಿಲ್ಲದಿದ್ದರೂ ಕಾವಲಿನ ಒಣಹುಲ್ಲು ಇರುತ್ತಿತ್ತು. ಈಗ ಗೋಡೆಯ ಆಚೆ ಹುಲ್ಲು, ಈಚೆ ದನ. ಹಟ್ಟಿಯ ಜನ ಎಷ್ಟೇ ಹೊರೆ ಹೊತ್ತರೂ ಕಳೆದುಹೋದ ಕಾವಲನ್ನು ತಲೆಯ ಮೇಲೆ ಹೊತ್ತು ತರಲಾದೀತೆ?

ಕಿಲಾರಿಗಳ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ, ಹೋಗಬೇಕಾದದ್ದೇ. ಅವರಲ್ಲಿ ಎಷ್ಟು ಮಂದಿ ನಾಳೆ ಕಂಬಳಿ ಹೆಗಲಿಗೇರಿಸಿ ರೊಪ್ಪದ ಬಳಿ ಮಲಗಿಯಾರು? ಹಿಂಡು ಕಾಯುವವರಿಲ್ಲದೆ ಹೋದರೆ ಹುಲ್ಲು ತಂದುಹಾಕುವ ನೆಪವೂ ಇಲ್ಲವಾಗುತ್ತದೆ. ನೆಪ ಹೋದರೆ ಮುಂದಿನ ಬರದಲ್ಲಿ ಒಬ್ಬರ ಬಾಗಿಲಿಗೆ ಇನ್ನೊಬ್ಬರು ಹೋಗುವುದು ಬೇಡುವವರಾಗಿಯೇ.

2024ರ ಮುಂಗಾರು ಕೈಹಿಡಿಯಿತು. 2025ರ ಜನವರಿಯಲ್ಲಿ ಮಾರಿಕಣಿವೆ ಮೂರನೆಯ ಬಾರಿ ಕೋಡಿ ಹರಿಯಿತು. ಮಗ ಉಂಡರೆ ಕೇಡಿಲ್ಲ, ಮಳೆ ಬಂದರೆ ಕೇಡಿಲ್ಲ ಎನ್ನುವ ಗಾದೆ ಹಟ್ಟಿಗಳ ಜಗಲಿಯ ಮೇಲೆ ಮತ್ತೆ ಕೇಳಿಬಂತು. ಬರದಲ್ಲಿ ಎತ್ತು ಉಳಿಸಿಕೊಂಡವರು ಹದ ನೋಡಿ ಬಿತ್ತಿದರು. ಕಳೆದುಕೊಂಡವರ ಹೊಲಕ್ಕೂ ನೆರೆಯವರ ಕೂರಿಗೆ ಒಂದೊಂದು ದಿನ ಹೋಯಿತು. ಆ ದಿನದ ಲೆಕ್ಕ ಯಾವ ಕಡತದಲ್ಲೂ ಸಿಗುವುದಿಲ್ಲ.

ಬೆಂಗಳೂರಿನಿಂದ ಇನ್ನೂರು ಕಿಲೋಮೀಟರ್ ಆಸುಪಾಸಿನಲ್ಲಿ, ಬಳ್ಳಾರಿಯ ಹೆದ್ದಾರಿಯಲ್ಲಿದೆ ಚಳ್ಳಕೆರೆ. ಕೋಟೆ ನೋಡಲು ಚಿತ್ರದುರ್ಗಕ್ಕೆ ಬರುವವರು ಇನ್ನು ಮೂವತ್ತು ಕಿಲೋಮೀಟರ್ ಮುಂದೆ ಬಂದರೆ ಸಾಕು. ನೋಡಲು ಶಿಲ್ಪವಿಲ್ಲ, ಜಲಪಾತವಿಲ್ಲ. ಸಂಜೆ ಹೊತ್ತು ಧೂಳೆಬ್ಬಿಸುತ್ತ ರೊಪ್ಪಕ್ಕೆ ಮರಳುವ ಹಿಂಡು, ಅದರ ಹಿಂದೆ ಹಿಂದೆ ಕಿಲಾರಿ. ದಾರಿಯಲ್ಲಿ ಎದುರಾದ ಹೆಂಗಸು ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿದು, ತನ್ನ ಹೊರೆಯಿಂದ ಒಂದು ಹಿಡಿ ಹುಲ್ಲು ಎಳೆದು ಮುಂದೆ ಚೆಲ್ಲುತ್ತಾಳೆ. ಹಿಂಡು ತಿಂದು ಮುಂದೆ ಹೋಗುತ್ತದೆ. ಅವಳು ಹೊರೆ ಸರಿಮಾಡಿಕೊಂಡು ಮನೆಯ ದಾರಿ ಹಿಡಿಯುತ್ತಾಳೆ.